ಗೆದ್ದವನು ಸೋತ! ತವರಿನ ಮೊದಲ ಪಂದ್ಯ ನೋಡಿ ಬಂದವರ ಪ್ರಶ್ನೆಗಳು

ಅಮೆರಿಕದ ಕಾಲೇಜು ಫುಟ್‌ಬಾಲ್ ಋತು ಈಗಷ್ಟೇ ಶುರುವಾಗಿದೆ, ಪ್ರಶ್ನೆಗಳ ಕಟ್ಟು ಮಾತ್ರ ಆಗಲೇ ದಪ್ಪವಾಗಿದೆ. ಬರೆದವರ ತಂಡಗಳು ಬೇರೆ ಬೇರೆ, ರಾಗ ಒಂದೇ: "ಗೆದ್ದೆವು, ಆದರೆ..." ತಂಡಗಳ ಹೆಸರು ತೆಗೆದುಬಿಟ್ಟಿದ್ದೇವೆ. ಒಬ್ಬರ ಪತ್ರಕ್ಕೆ ಇನ್ನೊಬ್ಬರ ತಂಡದ ಹೆಸರು ಅಂಟಿಸಿದರೂ ಯಾರಿಗೂ ಗೊತ್ತಾಗದಷ್ಟು ದೂರುಗಳು ಒಂದೇ ತರಹ ಇವೆ.

ಪ್ರಶ್ನೆ: ಎದುರಾಳಿ ಎಫ್‌ಸಿಎಸ್ ಮಟ್ಟದ (ಮೇಲಿನ ಎಫ್‌ಬಿಎಸ್‌ಗಿಂತ ಒಂದು ಮೆಟ್ಟಿಲು ಕೆಳಗಿನ) ಚಿಕ್ಕ ತಂಡ. 40 ಅಂಕದ ಅಂತರದಲ್ಲಿ ಗೆಲ್ಲುತ್ತೇವೆ ಅಂದುಕೊಂಡು ಹೋದರೆ ಗೆದ್ದದ್ದು 10 ಅಂಕದಲ್ಲಿ. ಹೊರಗೆ ಬರುವಾಗ ಸುತ್ತಲಿನವರ ಮುಖ ನೋಡಿದರೆ ಸೋತು ಬಂದವರ ಹಾಗಿತ್ತು. ಅವರದು ಅತಿಯಾಯಿತೋ, ನಾನೇ ತಲೆ ಕೆಡಿಸಿಕೊಳ್ಳುತ್ತಿಲ್ಲವೋ?

ಉತ್ತರ: ಅಂತರವನ್ನು ಪಕ್ಕಕ್ಕಿಡಿ. ತಪ್ಪು ಎಂಥದ್ದು ಎಂದು ನೋಡಿ. ಮೊದಲ ಪಂದ್ಯದ ತಪ್ಪುಗಳನ್ನು ಮೂರು ಗುಡ್ಡೆ ಮಾಡಬಹುದು.

ಮೊದಲನೆಯ ಗುಡ್ಡೆ ಸ್ನ್ಯಾಪ್‌ಗೆ, ಅಂದರೆ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವುದಕ್ಕೆ, ಮುಂಚಿನದು. ಫಾಲ್ಸ್ ಸ್ಟಾರ್ಟ್ (ಸ್ನ್ಯಾಪ್‌ಗೆ ಮೊದಲೇ ಅಲುಗುವುದು), ಡಿಲೇ ಆಫ್ ಗೇಮ್ (ಆಟ ಶುರುಮಾಡಲು ತಡಮಾಡುವುದು), ಗೆರೆಯ ಮೇಲೆ ತಪ್ಪಾಗಿ ನಿಲ್ಲುವುದು, ಮೈದಾನದಲ್ಲಿ 11ರ ಬದಲು 12 ಜನ ಉಳಿಯುವುದು, ಗೊಂದಲಕ್ಕೆ ಬಿದ್ದು ಟೈಮ್‌ಔಟ್ ವ್ಯರ್ಥ ಮಾಡುವುದು. ನೋಡಲು ಇದಕ್ಕಿಂತ ಅಸಹ್ಯ ಇನ್ನೊಂದಿಲ್ಲ, ಆದರೆ ಎಲ್ಲಕ್ಕಿಂತ ಬೇಗ ವಾಸಿಯಾಗುವುದೂ ಇದೇ. ವೃತ್ತಿಪರ ಎನ್‌ಎಫ್‌ಎಲ್ ತಂಡಗಳಿಗೆ ಋತುವಿಗೆ ಮುನ್ನ 3 ಅಭ್ಯಾಸ ಪಂದ್ಯ ಸಿಗುತ್ತವೆ. ಕಾಲೇಜು ತಂಡಗಳಿಗೆ ಅಂಥದ್ದು ಇಲ್ಲ. ವಸಂತದಲ್ಲಿ 15 ಅಭ್ಯಾಸ, ಆಗಸ್ಟ್‌ನಲ್ಲಿ ಸುಮಾರು 25, ಅಷ್ಟೇ ಬಂಡವಾಳ. ಮುಂದೆ ಸಾಲಾಗಿ ನಿಂತು ಎದುರಾಳಿಯನ್ನು ತಡೆಯುವ ಐವರು ಲೈನ್‌ಮನ್‌ಗಳಲ್ಲಿ ಇಬ್ಬರು ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸುವ ವ್ಯವಸ್ಥೆ) ಮೂಲಕ ಈ ವರ್ಷವೇ ಬಂದವರಾಗಿದ್ದರೆ, ಆ ಐವರು ಬೇರೆ ಬಣ್ಣದ ಅಂಗಿಯವರ ಎದುರು ಒಟ್ಟಿಗೆ ನಿಂತದ್ದೇ ಮೊದಲ ಸಲ.

ಎರಡನೆಯ ಗುಡ್ಡೆ ಕೈತಪ್ಪುಗಳದ್ದು. ಕೈಗೆ ಬಂದ ಪಾಸ್ ಬಿಡುವುದು, ಫಂಬಲ್ (ಹಿಡಿದ ಚೆಂಡು ಉದುರುವುದು), ತಲೆಯ ಮೇಲೆ ಹಾರಿಹೋದ ಸ್ನ್ಯಾಪ್, ತಪ್ಪಿದ ಹೆಚ್ಚುವರಿ ಅಂಕದ ಒದೆತ. ಇದರಲ್ಲಿ ಅದೃಷ್ಟದ ಪಾಲೂ ಇರುತ್ತದೆ, ಹಾಗಾಗಿ ಒಂದು ಪಂದ್ಯದಿಂದ ತೀರ್ಪು ಕೊಡಲಾಗದು. ತಪ್ಪಿದ ಟ್ಯಾಕಲ್‌ಗಳಲ್ಲಿ (ಚೆಂಡು ಹಿಡಿದವನನ್ನು ಕೆಡವುವ ಯತ್ನಗಳಲ್ಲಿ) ಅರ್ಧವನ್ನೂ ಈ ಗುಡ್ಡೆಗೇ ಹಾಕಿ. ಗಾಯಕ್ಕೆ ಹೆದರಿ ಆಗಸ್ಟ್‌ನ ಹೆಚ್ಚಿನ ಅಭ್ಯಾಸಗಳಲ್ಲಿ ಡಿಕ್ಕಿ ಹೊಡೆಯುತ್ತಾರೆ, ನೆಲಕ್ಕೆ ಕೆಡವುವುದಿಲ್ಲ. ಪಂದ್ಯದಲ್ಲೂ ಡಿಕ್ಕಿಯೊಂದೇ ಸಾಕು ಎಂಬಂತೆ ದೇಹ ನಿಂತುಬಿಡುತ್ತದೆ, ಚೆಂಡು ಹಿಡಿದವನು ಇನ್ನೂ 8 ಗಜ ಓಡಿರುತ್ತಾನೆ.

ಮೂರನೆಯದು ಮೈಬಲದ ಸೋಲು. ನಿಮ್ಮ ಸಾಲನ್ನು ಎದುರಾಳಿ ಹಿಂದಕ್ಕೆ ತಳ್ಳಿದನೇ? ಪಾಸ್ ಹಿಡಿಯುವ ನಿಮ್ಮ ರಿಸೀವರ್‌ಗಳು ಬೆನ್ನುಹತ್ತಿ ಕಾಯುವ ಅವರ ಕಾರ್ನರ್‌ಬ್ಯಾಕ್‌ಗಳಿಂದ ಬಿಡಿಸಿಕೊಳ್ಳಲಾರದೆ ಹೋದರೇ? ಎಫ್‌ಬಿಎಸ್ ತಂಡಗಳಿಗೆ 85 ವಿದ್ಯಾರ್ಥಿವೇತನ, ಎಫ್‌ಸಿಎಸ್ ತಂಡಗಳಿಗೆ 63 ಎಂಬ ಮಿತಿ ಬಹುಕಾಲ ಇತ್ತು. ಅಷ್ಟು ವ್ಯತ್ಯಾಸವಿದ್ದೂ ಸಾಲಿನ ನಡುವೆ ಅವರೇ ಗೆದ್ದಿದ್ದರೆ ನಿಮ್ಮ ಸುತ್ತಲಿನವರ ಮುಖ ಸರಿಯಾಗಿಯೇ ಇತ್ತು. 3ನೇ ಡೌನ್ (10 ಗಜ ಗಳಿಸಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಬೇಕಾದ್ದು 1 ಗಜ, ಇಂಥದ್ದನ್ನು ನಾಲ್ಕು ಸಲ ಪ್ರಯತ್ನಿಸಿ ಮೂರು ಸಲ ನಿಂತುಹೋದಿರಿ ಎಂದರೆ, ಅದು 12 ಪೆನಾಲ್ಟಿಗಿಂತ ಕೆಟ್ಟ ಸುದ್ದಿ.

ಪ್ರಶ್ನೆ: "ಮುಂದಿನ ವಾರದ ದೊಡ್ಡ ಪಂದ್ಯಕ್ಕೆಂದು ಕೋಚ್ ಆಟಗಳನ್ನು ಬಚ್ಚಿಟ್ಟುಕೊಂಡಿದ್ದಾರೆ" ಎಂದು ಪಕ್ಕದ ಸೀಟಿನವರು ಸಮಾಧಾನ ಹೇಳಿದರು. ನಂಬಬಹುದೇ?

ಉತ್ತರ: ಅರ್ಧ ನಂಬಿ. ಮುಂದಿನ ಎದುರಾಳಿ ವೀಡಿಯೊ ನೋಡುತ್ತಾನೆ ಎಂದು ಮೊದಲ ಪಂದ್ಯವನ್ನು ಸಪ್ಪೆಯಾಗಿ ಆಡಿಸುವುದು ನಿಜ. ದೊಡ್ಡ ಗಳಿಕೆಯ ಆಟಗಳು ಯಾಕೆ ಕಡಿಮೆ ಇದ್ದವು ಎಂಬುದಕ್ಕೆ ಇದು ಉತ್ತರವಾಗುತ್ತದೆ. 1 ಗಜ ಯಾಕೆ ಸಿಗಲಿಲ್ಲ ಎಂಬುದಕ್ಕೆ ಆಗುವುದಿಲ್ಲ. ಬಚ್ಚಿಡಲು ಅದರಲ್ಲಿ ಏನೂ ಇಲ್ಲ.

ಪ್ರಶ್ನೆ: ಪಂದ್ಯ ಮುಗಿದ ಮೇಲೆ ಸಿಗುವ ಅಂಕಪಟ್ಟಿಯಲ್ಲಿ ಏನು ನೋಡಬೇಕು? ನಮ್ಮವರು ಓಡಿ ಗಳಿಸಿದ್ದು ಬರೀ 92 ಗಜ ಎಂದು ಎಲ್ಲರೂ ಗೊಣಗುತ್ತಿದ್ದಾರೆ.

ಉತ್ತರ: ಆ 92ರಲ್ಲೇ ಮೊದಲ ಗುಂಡಿ ಇದೆ. ಎನ್‌ಎಫ್‌ಎಲ್‌ನಲ್ಲಿ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಸ್ಯಾಕ್ ಆದಾಗ (ಎಸೆಯುವ ಮೊದಲೇ ಗೆರೆಯ ಹಿಂದೆ ಸಿಕ್ಕಿಬಿದ್ದಾಗ) ಹೋದ ಗಜಗಳನ್ನು ಪಾಸ್ ಲೆಕ್ಕದಲ್ಲಿ ಕಳೆಯುತ್ತಾರೆ. ಕಾಲೇಜು ಲೆಕ್ಕದಲ್ಲಿ ಅದನ್ನು ಓಟದಿಂದ ಕಳೆಯುತ್ತಾರೆ, ಸ್ಯಾಕನ್ನೂ ಒಂದು ಓಟವೆಂದೇ ಎಣಿಸುತ್ತಾರೆ. ಪಟ್ಟಿಯಲ್ಲಿ 34 ಓಟ, 92 ಗಜ ಎಂದಿದೆ ಎಂದುಕೊಳ್ಳಿ. ಅದರಲ್ಲಿ 4 ಸ್ಯಾಕ್, 31 ಗಜ ನಷ್ಟ ಇದ್ದರೆ ನಿಜವಾದ ಓಟ 30, ಗಳಿಕೆ 123, ಓಟಕ್ಕೆ 4.1 ಗಜ. ಹೆಮ್ಮೆಪಡುವಂಥದ್ದೇನಲ್ಲ, ಆದರೆ 2.7 ಎಂದು ಊರೆಲ್ಲ ಅತ್ತುಕೊಂಡು ತಿರುಗುವಷ್ಟೂ ಅಲ್ಲ. ದೂರು ಹೇಳಲೇಬೇಕಿದ್ದರೆ ಸ್ಯಾಕ್ ತಡೆಯಲಾರದವರ ಮೇಲೆ ಹೇಳಿ, ಓಡಿದವನ ಮೇಲಲ್ಲ.

ಮುಂದೆ ಡ್ರೈವ್‌ಗಳನ್ನು, ಅಂದರೆ ಚೆಂಡು ನಿಮ್ಮ ಬಳಿ ಇದ್ದ ಒಂದೊಂದು ಸರದಿಯನ್ನು, ಎಣಿಸಿ. ಅರ್ಧದ ಕೊನೆಯಲ್ಲಿ ಕ್ವಾರ್ಟರ್‌ಬ್ಯಾಕ್ ಮಂಡಿಯೂರಿ ಗಡಿಯಾರ ಓಡಿಸಿ ಮುಗಿಸಿದ್ದನ್ನು ಬಿಡಿ. ರಕ್ಷಣಾ ಪಡೆ ಇಂಟರ್‌ಸೆಪ್ಷನ್ (ಎದುರಾಳಿಯ ಪಾಸನ್ನು ನಡುವೆ ಹಿಡಿದದ್ದು) ಓಡಿಸಿ ಗಳಿಸಿದ ಟಚ್‌ಡೌನನ್ನೂ (ಚೆಂಡನ್ನು ಗೋಲ್ ಗೆರೆ ದಾಟಿಸಿದ್ದನ್ನೂ) ಆಕ್ರಮಣದ ಖಾತೆಯಿಂದ ತೆಗೆಯಿರಿ. 27 ಅಂಕ ಗಳಿಸಿದ್ದೀರಿ, ಅದರಲ್ಲಿ 7 ರಕ್ಷಣಾ ಪಡೆಯದ್ದು, ಡ್ರೈವ್ 10 ಎಂದಾದರೆ ಆಕ್ರಮಣದ ಪಾಲು ಡ್ರೈವ್‌ಗೆ 2 ಅಂಕ. ಚಿಕ್ಕ ತಂಡದ ಎದುರು ಇದು ಬಡತನವೇ. ಇನ್ನೊಂದು ಮಾತು: 2023ರಿಂದ ಮೊದಲ ಡೌನ್ ಸಿಕ್ಕಾಗಲೆಲ್ಲ ಗಡಿಯಾರ ನಿಲ್ಲುವ ಪದ್ಧತಿ ಹೋಗಿದೆ, ಪ್ರತಿ ಅರ್ಧದ ಕೊನೆಯ 2 ನಿಮಿಷದಲ್ಲಿ ಮಾತ್ರ ಉಳಿದಿದೆ. ಅದರಿಂದ ಆಟಗಳೇ ಕಡಿಮೆಯಾಗಿವೆ. ಹಳೆಯ ನೆನಪಿನ 52–10ರ ಜೊತೆ ಈಗಿನ ಅಂಕವನ್ನು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಪೆನ್ಸಿಲ್ ಹಿಡಿದು ಅರ್ಧ ಗಂಟೆ ಕೂರುವ ತಾಳ್ಮೆ ಇದ್ದರೆ ಪ್ರತಿಯೊಂದು ಆಟಕ್ಕೂ ಸರಿ ಅಥವಾ ತಪ್ಪು ಗುರುತು ಹಾಕಿ. 1ನೇ ಡೌನ್‌ನಲ್ಲಿ ಬೇಕಾದ ದೂರದ ಅರ್ಧ, 2ನೇ ಡೌನ್‌ನಲ್ಲಿ ಶೇ. 70, 3 ಮತ್ತು 4ರಲ್ಲಿ ಪೂರ್ತಿ ಸಿಕ್ಕರೆ ಆ ಆಟ ಸರಿ. 1ನೇ ಡೌನ್, 10 ಗಜ ಬೇಕು, 5 ಸಿಕ್ಕಿತು: ಸರಿ. 2ನೇ ಡೌನ್, 10 ಬೇಕು, 6 ಸಿಕ್ಕಿತು: ತಪ್ಪು. ಸರಿಯಾದ ಆಟಗಳು ಅರ್ಧಕ್ಕೆ ಹತ್ತಿರವಿದ್ದೂ ಅಂಕ ಬಂದಿಲ್ಲವೆಂದರೆ ಯಂತ್ರ ಸರಿಯಿದೆ, ಕೈತಪ್ಪುಗಳು ಅಂಕ ತಿಂದಿವೆ. ಮೂರರಲ್ಲಿ ಒಂದು ಮಾತ್ರ ಸರಿಯಿದ್ದು, ಎರಡು ಉದ್ದನೆಯ ಟಚ್‌ಡೌನ್‌ಗಳು ಮಾನ ಉಳಿಸಿದ್ದರೆ, ಅಂಕಪಟ್ಟಿ ನಿಮಗೆ ಸುಳ್ಳು ಹೇಳುತ್ತಿದೆ.

ಫಂಬಲ್‌ನಲ್ಲಿ "ಕಳೆದುಕೊಂಡದ್ದು" ನೋಡಬೇಡಿ, "ಆದದ್ದು" ನೋಡಿ. ಉದುರಿದ ಆ ಉದ್ದುರುಟು ಚೆಂಡು ಯಾವ ಕಡೆ ಪುಟಿಯುತ್ತದೆ ಎಂದು ಯಾವ ಕೋಚೂ ಕಲಿಸಲಾರ. ಲೆಕ್ಕ ಹೆಚ್ಚುಕಡಿಮೆ ಅರ್ಧಕ್ಕರ್ಧ. 4 ಫಂಬಲ್ ಆಗಿ ನಾಲ್ಕನ್ನೂ ನೀವೇ ಹಿಡಿದಿದ್ದರೆ, ಈ ವಾರ ಬಾರದ ಬಿಲ್ಲು ಇನ್ನೊಂದು ವಾರ ಬರುತ್ತದೆ.

ಪ್ರಶ್ನೆ: ಪೆನಾಲ್ಟಿ ನಮಗೆ 11, ಅವರಿಗೆ 3. ತೀರ್ಪುಗಾರರು ಮೋಸ ಮಾಡಿದ್ದಾರೆ ಅನ್ನಿಸುವುದಿಲ್ಲವೇ?

ಉತ್ತರ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ 11ರಲ್ಲಿ 5 ಗಜದವು ಎಷ್ಟು ಎಂದು ಮೊದಲು ಎಣಿಸಿ. ಫಾಲ್ಸ್ ಸ್ಟಾರ್ಟ್, ಆಫ್‌ಸೈಡ್, ಡಿಲೇ ಆಫ್ ಗೇಮ್ ಇವುಗಳಲ್ಲಿ ತೀರ್ಪುಗಾರನ ವಿವೇಚನೆಗೆ ಜಾಗ ಬಹಳ ಕಡಿಮೆ. ವಾದ ಮಾಡಬಹುದಾದದ್ದು 10 ಗಜದ ಹೋಲ್ಡಿಂಗ್ (ಎದುರಾಳಿಯನ್ನು ಹಿಡಿದಿಟ್ಟುಕೊಳ್ಳುವುದು) ಮತ್ತು ಪಾಸ್ ಇಂಟರ್‌ಫೆರೆನ್ಸ್ (ಪಾಸ್ ಹಿಡಿಯುವವನಿಗೆ ಅಡ್ಡಿ ಮಾಡುವುದು) ಬಗ್ಗೆ. (ಎರಡನೆಯದಕ್ಕೆ ಕಾಲೇಜಿನಲ್ಲಿ ಎಷ್ಟೇ ಉದ್ದದ ಪಾಸ್ ಆಗಿದ್ದರೂ 15 ಗಜಕ್ಕಿಂತ ಹೆಚ್ಚು ದಂಡವಿಲ್ಲ. ಎನ್‌ಎಫ್‌ಎಲ್ ನೋಡಿ ರೂಢಿಯಾದವರು ಇಲ್ಲೇ ಕೂಗಾಡುವುದು.)

ಅಭಿಮಾನಿಗಳಿಗೆ ಅರ್ಥವೇ ಆಗದ ಒಂದು ಧ್ವಜ (ಪೆನಾಲ್ಟಿ) ಇದೆ, ಪಾಸ್ ಹಿಡಿಯುವ ಹಕ್ಕಿಲ್ಲದ ಲೈನ್‌ಮನ್ ಮುಂದಕ್ಕೆ ಹೋಗಿಬಿಟ್ಟ ಎನ್ನುವುದು. ಓಟವೋ ಪಾಸೋ ಎಂದು ಕ್ವಾರ್ಟರ್‌ಬ್ಯಾಕ್ ಸ್ನ್ಯಾಪ್ ಆದ ಮೇಲೆ ತೀರ್ಮಾನಿಸುವ ಆರ್‌ಪಿಒ ಆಟದಲ್ಲಿ ಲೈನ್‌ಮನ್‌ಗಳು ಓಟವೆಂದೇ ಬಗೆದು ಮುಂದೆ ತಳ್ಳುತ್ತಾರೆ. ಪಾಸ್ ಹೊರಡುವ ಹೊತ್ತಿಗೆ ಅವರು ಆಟ ಶುರುವಾದ ಸ್ಕ್ರಿಮೇಜ್ ಗೆರೆಯಿಂದ 3 ಗಜ ದಾಟಿರಬಾರದು. ಕ್ವಾರ್ಟರ್‌ಬ್ಯಾಕ್ ಅರ್ಧ ಸೆಕೆಂಡ್ ತಡಮಾಡಿದರೆ ಧ್ವಜ ಲೈನ್‌ಮನ್ ಹೆಸರಿಗೆ ಬೀಳುತ್ತದೆ. ಬೈಗುಳವೂ ಅವನಿಗೇ, ಪಾಪ.

ಪ್ರಶ್ನೆ: ನಮ್ಮ ಮೈದಾನ, ನಮ್ಮ ಜನ, ಆದರೂ ನಮ್ಮವರಿಗೇ ಐದು ಫಾಲ್ಸ್ ಸ್ಟಾರ್ಟ್! ಹೇಗೆ ಸಾಧ್ಯ?

ಉತ್ತರ: ನೀವು ಯಾವಾಗ ಕೂಗುತ್ತಿದ್ದಿರಿ? ಚೆಂಡು ನಿಮ್ಮ ತಂಡದ ಬಳಿ ಇರುವಾಗ ಸ್ಟೇಡಿಯಂ ದೇವಸ್ಥಾನದ ಗರ್ಭಗುಡಿಯಂತೆ ಇರಬೇಕು. ಕೂಗು ಬೇಕಾದದ್ದು ಎದುರಾಳಿಯ ಆಕ್ರಮಣ ಪಡೆ ಸಾಲಿಗೆ ಬಂದು ನಿಲ್ಲುವಾಗ, ಅದರಲ್ಲೂ 3ನೇ ಡೌನ್‌ನಲ್ಲಿ. ಸ್ನ್ಯಾಪ್‌ಗಾಗಿ ಅವರ ಕ್ವಾರ್ಟರ್‌ಬ್ಯಾಕ್ ಕೂಗುವ ಎಣಿಕೆ ಅವರದೇ ಟ್ಯಾಕಲ್‌ಗೆ (ಸಾಲಿನ ತುದಿಯ ಲೈನ್‌ಮನ್‌ಗೆ) ಕೇಳಿಸಬಾರದು. ತವರಿನ ಮೊದಲ ಪಂದ್ಯದಲ್ಲಿ ಹೊಸ ವಿದ್ಯಾರ್ಥಿಗಳೂ ಮೊದಲ ಸಲ ಬಂದಿರುತ್ತಾರೆ, ಮೊದಲ ಡೌನ್ ಸಂಭ್ರಮವನ್ನು ಮುಂದಿನ ಸ್ನ್ಯಾಪ್‌ವರೆಗೂ ಎಳೆಯುತ್ತಾರೆ.

ಹಾಗೆಂದು ಐದಕ್ಕೂ ನೀವೇ ಕಾರಣರಲ್ಲ. ಹೊರಗಿನ ಟ್ಯಾಕಲ್ ಎದುರು ವೇಗದ ಎಂಡ್ (ರಕ್ಷಣಾ ಸಾಲಿನ ತುದಿಯವನು) ನಿಂತಿದ್ದರೆ, "ಇವನು ದಾಟಿಬಿಡುತ್ತಾನೆ" ಎಂಬ ಭಯಕ್ಕೆ ಟ್ಯಾಕಲ್ ಕಣ್ಣುಮಿಟುಕಿಸುವಷ್ಟು ಮೊದಲೇ ಹಿಂದೆ ಸರಿಯುತ್ತಾನೆ. ಐದರಲ್ಲಿ ಮೂರು ಒಬ್ಬನವೇ ಆಗಿದ್ದರೆ ಇದೇ ಕಾರಣ, ಅಲ್ಲಿ ಸಹಾಯಕ್ಕೆ ಪಕ್ಕದಲ್ಲಿ ನಿಂತು ತಡೆಯುವ ಒಬ್ಬ ಟೈಟ್ ಎಂಡ್ ಬೇಕು. ಬೇರೆ ಬೇರೆಯವರು ಮಾಡಿದ್ದರೆ ಎಣಿಕೆಯೇ ಗೊಂದಲವಾಗಿದೆ, ಅದು ಒಂದು ವಾರದ ಕೆಲಸ.

ಡಿಲೇ ಆಫ್ ಗೇಮ್ ಬೇರೆ ಕಥೆ. 2024ರಿಂದ ಎಫ್‌ಬಿಎಸ್ ತಂಡಗಳಲ್ಲಿ ಕೋಚ್ ಒಬ್ಬ ಆಟಗಾರನ ಹೆಲ್ಮೆಟ್‌ಗೆ ನೇರವಾಗಿ ಮಾತಾಡಬಹುದು. ಆದರೆ ಮುಂದಿನ ಸ್ನ್ಯಾಪ್‌ಗೆ ಸಿಗುವ 40 ಸೆಕೆಂಡಿನ ಆಟದ ಗಡಿಯಾರದಲ್ಲಿ 15 ಉಳಿದಾಗ ರೇಡಿಯೊ ಕಡಿದುಹೋಗುತ್ತದೆ. ಕೋಚ್ 18ರವರೆಗೂ ಯೋಚಿಸುತ್ತ ಕೂತರೆ, ಕ್ವಾರ್ಟರ್‌ಬ್ಯಾಕ್‌ಗೆ ಅರ್ಧ ವಾಕ್ಯ ಕೇಳಿಸುತ್ತದೆ. ಉಳಿದದ್ದು ಟೈಮ್‌ಔಟ್, ಇಲ್ಲವೇ 5 ಗಜ. ಸುಟ್ಟ ಟೈಮ್‌ಔಟ್‌ಗಳಿಗೆ ಹುಡುಗರನ್ನು ಬೈಯುವ ಮೊದಲು ಗಡಿಯಾರ ನೋಡಿ.

ಪ್ರಶ್ನೆ: ಎರಡು ಇಂಟರ್‌ಸೆಪ್ಷನ್ ಕೊಟ್ಟ ಕ್ವಾರ್ಟರ್‌ಬ್ಯಾಕ್‌ನನ್ನು ಕೂರಿಸಿ, ಕೊನೆಯಲ್ಲಿ ಬಂದು ಚೆನ್ನಾಗಿ ಆಡಿದ ಹೊಸ ಹುಡುಗನಿಗೆ ಕೊಡಬಾರದೇ?

ಉತ್ತರ: ಆ ಎರಡು ಪಾಸ್‌ಗಳನ್ನು ಮತ್ತೆ ನೋಡಿ. ಎಸೆಯುವ ಗಳಿಗೆಯಲ್ಲಿ ಅವನ ತೋಳಿಗೆ ಯಾರಾದರೂ ತಾಗಿದರೇ? ಚೆಂಡು ನಿಮ್ಮ ರಿಸೀವರ್‌ನ ಕೈಗೆ ಬಡಿದು ಹಾರಿತೇ? ಚೆಂಡು ಒಂದು ಕಡೆ, ರಿಸೀವರ್ ಇನ್ನೊಂದು ಕಡೆ ಇದ್ದನೇ? ಮೂರನೆಯದಾದರೆ ಇಬ್ಬರಲ್ಲೊಬ್ಬ ರಕ್ಷಣೆಯನ್ನು ತಪ್ಪಾಗಿ ಓದಿದ್ದಾನೆ, ಯಾರೆಂದು ಗ್ಯಾಲರಿಯಿಂದ ಹೇಳಲಾಗದು. ನಿಜಕ್ಕೂ ಚಿಂತೆ ಹುಟ್ಟಿಸಬೇಕಾದದ್ದು ಬೇರೆ ನೋಟ: ಪಾಸ್ ಹೊರಡುವ ಮೊದಲೇ ಎದುರಾಳಿ ಸೇಫ್ಟಿ (ಎಲ್ಲರ ಹಿಂದೆ ನಿಂತು ಕಾಯುವವನು) ಆ ಕಡೆ ಓಡಲು ಶುರುಮಾಡಿದ್ದು. ಕ್ವಾರ್ಟರ್‌ಬ್ಯಾಕ್ ಒಬ್ಬನನ್ನೇ ದಿಟ್ಟಿಸುತ್ತಿದ್ದ ಎಂದರ್ಥ. ಆ ಚಟ ಮುಂದಿನ ವಾರವೂ ಇರುತ್ತದೆ, ಮುಂದಿನ ಎದುರಾಳಿ ಅದನ್ನು ವೀಡಿಯೊದಲ್ಲಿ ನೋಡಿಯೂ ಇರುತ್ತಾನೆ.

ಹೊಸ ಹುಡುಗ ಆಡಿದ್ದು ದಣಿದ ಎದುರಾಳಿಯ ಎರಡನೇ ಸಾಲಿನ ಮೇಲೆ. 2018ರಲ್ಲಿ ಬಂದ ನಿಯಮದ ಪ್ರಕಾರ 4 ಪಂದ್ಯಗಳವರೆಗೆ ಆಡಿಸಿದರೂ ಆಟಗಾರನ ಒಂದು ವರ್ಷದ ಅರ್ಹತೆ ಉಳಿಸಿಕೊಳ್ಳಬಹುದಿತ್ತು. ಸೆಪ್ಟೆಂಬರ್‌ನ ಸುಲಭ ಪಂದ್ಯಗಳ ಕೊನೆಯಲ್ಲಿ ಹೊಸಬರು ಕಾಣಿಸಿಕೊಳ್ಳುವ ರೂಢಿ ಬೆಳೆದದ್ದು ಅಲ್ಲಿಂದ. ಬದಲಾವಣೆಯ ಸೂಚನೆ ಎಂದು ಓದಬೇಡಿ.

ಪ್ರಶ್ನೆ: ಹೀಗೆ ಎಡವಿ ಶುರುಮಾಡಿ ಚಾಂಪಿಯನ್ ಆದವರು ಇದ್ದಾರೆಯೇ?

ಉತ್ತರ: ಇದ್ದಾರೆ. ನಿಮ್ಮ ಪ್ರಶ್ನೆಗೆ ಅಚ್ಚುಕಟ್ಟಾಗಿ ಹೊಂದುವುದು 2016ರ ಕ್ಲೆಮ್ಸನ್. ಮೊದಲು ಆಬರ್ನ್‌ನಲ್ಲಿ ಗೆದ್ದು ಬಂದು, ತವರಿನ ಮೊದಲ ಪಂದ್ಯದಲ್ಲಿ ಟ್ರಾಯ್ ಎದುರು ಒದ್ದಾಡಿ 30–24ರಲ್ಲಿ ಗೆದ್ದರು. ಪಂಟ್ (ಎದುರಾಳಿ ದೂರಕ್ಕೆ ಒದ್ದು ಬಿಟ್ಟುಕೊಟ್ಟ ಚೆಂಡು) ಹಿಡಿದು ಓಡಿದ ಅವರ ಆಟಗಾರ ಸಂಭ್ರಮದ ಭರದಲ್ಲಿ ಗೋಲ್ ಗೆರೆಗೆ ಇನ್ನೇನು ಕಾಲಿಡಬೇಕು, ಅಷ್ಟರಲ್ಲಿ ಚೆಂಡು ಕೆಳಗೆ ಬಿಟ್ಟ. ಟಚ್‌ಡೌನ್ ಆಗಬೇಕಿದ್ದದ್ದು ಟಚ್‌ಬ್ಯಾಕ್ ಆಗಿ ಚೆಂಡು ಟ್ರಾಯ್ ಪಾಲಾಯಿತು. ಅದೇ ಕ್ಲೆಮ್ಸನ್ 2017ರ ಜನವರಿಯಲ್ಲಿ ಅಲಬಾಮಾವನ್ನು 35–31ರಲ್ಲಿ ಮಣಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಟ್ರಾಯ್ ಕೂಡ ಆ ವರ್ಷ 10 ಪಂದ್ಯ ಗೆದ್ದಿತು ಎಂಬುದನ್ನು ಮರೆಯಬಾರದು. ಸೆಪ್ಟೆಂಬರ್‌ನಲ್ಲಿ "ಯಾರೋ ಚಿಕ್ಕವರು" ಅನ್ನಿಸಿದ ತಂಡ ನವೆಂಬರ್‌ನಲ್ಲಿ ಹಾಗೆ ಕಾಣದಿರಬಹುದು.

ತವರಿನಲ್ಲಿ ಸೋತೇ ಶುರುಮಾಡಿದವರೂ ಇದ್ದಾರೆ. 2014ರಲ್ಲಿ ಒಹಾಯೊ ಸ್ಟೇಟ್ ತವರಿನ ಮೊದಲ ಪಂದ್ಯದಲ್ಲೇ ವರ್ಜೀನಿಯಾ ಟೆಕ್‌ಗೆ 35–21ರಲ್ಲಿ ಸೋತಿತು. ಆಗಸ್ಟ್‌ನಲ್ಲಿ ಮುಖ್ಯ ಕ್ವಾರ್ಟರ್‌ಬ್ಯಾಕ್ ಗಾಯಗೊಂಡು ಹೊಸಬ ಆಡುತ್ತಿದ್ದ, ಮುಂದಿನ ಸಾಲೂ ಹೆಚ್ಚುಕಡಿಮೆ ಹೊಸದು. 3 ಇಂಟರ್‌ಸೆಪ್ಷನ್, 7 ಸ್ಯಾಕ್. ಆ ಸಾಲು ಡಿಸೆಂಬರ್ ಹೊತ್ತಿಗೆ ಎಷ್ಟು ಗಟ್ಟಿಯಾಯಿತೆಂದರೆ, ಮೂರನೇ ಕ್ವಾರ್ಟರ್‌ಬ್ಯಾಕ್‌ನನ್ನು ಇಟ್ಟುಕೊಂಡು ವಿಸ್ಕಾನ್ಸಿನ್ ಮೇಲೆ 59–0, ಫೈನಲ್‌ನಲ್ಲಿ ಒರೆಗಾನ್ ಮೇಲೆ 42–20. 2024ರಲ್ಲಿ ನೋಟರ್ ಡೇಮ್ ತವರಿನ ಮೊದಲ ಪಂದ್ಯವನ್ನು ನಾರ್ದರ್ನ್ ಇಲಿನಾಯ್‌ಗೆ 16–14ರಲ್ಲಿ ಕಳೆದುಕೊಂಡು, ಆಮೇಲೆ ಸತತ 13 ಗೆದ್ದು ಫೈನಲ್‌ವರೆಗೆ ಹೋಯಿತು.

ಈಗ ಕಹಿ ಭಾಗ. ಅದೇ 2024ರಲ್ಲಿ ಫ್ಲಾರಿಡಾ ಸ್ಟೇಟ್ ತವರಿನ ಮೊದಲ ಪಂದ್ಯದಲ್ಲಿ ಬಾಸ್ಟನ್ ಕಾಲೇಜ್‌ಗೆ 28–13ರಲ್ಲಿ ಸೋತಾಗ, ಹಿಂದಿನ ವರ್ಷ 13 ಗೆದ್ದ ತಂಡ, ಸರಿಹೋಗುತ್ತದೆ ಎಂದವರು ಬಹಳ. ಓಟದ ಲೆಕ್ಕ ನೋಡಿದವರು ಹಾಗೆನ್ನಲಿಲ್ಲ: ಬಾಸ್ಟನ್ ಕಾಲೇಜ್ 263 ಗಜ, ಫ್ಲಾರಿಡಾ ಸ್ಟೇಟ್ 21. ಋತು 2–10ರಲ್ಲಿ ಮುಗಿಯಿತು. ಅದು ಮೂರನೇ ಗುಡ್ಡೆಯ ತಪ್ಪು. ಒಂದು ಅಗುಳು ಹಿಸುಕಿದರೆ ಅನ್ನ ಬೆಂದಿದೆಯೇ ಎಂದು ತಿಳಿಯುತ್ತದಂತೆ. ಇಲ್ಲಿ ಯಾವ ಅಗುಳು ಹಿಸುಕುತ್ತೀರಿ ಎಂಬುದರ ಮೇಲೆ ಹೋಗುತ್ತದೆ.

ಪ್ರಶ್ನೆ: ಕೋಚ್‌ನನ್ನು ಈಗಲೇ ತೆಗೆಯಬಾರದೇಕೆ?

ಉತ್ತರ: ಕರಾರು ಪತ್ರದ ಕೊನೆಯ ಪುಟಗಳನ್ನು ಓದಿ ಬನ್ನಿ. 2023ರ ನವೆಂಬರ್‌ನಲ್ಲಿ ಟೆಕ್ಸಸ್ ಎ ಅಂಡ್ ಎಮ್ ತನ್ನ ಕೋಚ್ ಜಿಂಬೊ ಫಿಶರ್ ಅವರನ್ನು ಕಳಿಸಿದಾಗ ಕೊಡಬೇಕಾಗಿ ಬಂದ ಪರಿಹಾರ ಸುಮಾರು 7.6 ಕೋಟಿ ಡಾಲರ್.

ಪ್ರಶ್ನೆ: 7 ಅಂಕ ಮುಂದಿದ್ದೆವು, 2 ನಿಮಿಷ ಉಳಿದಿತ್ತು, ಎದುರಾಳಿಯ ಟೈಮ್‌ಔಟ್ ಖಾಲಿ. ಆಗಲೂ ನಮ್ಮವರು ಪಾಸ್ ಎಸೆದು ಗಡಿಯಾರ ನಿಲ್ಲಿಸಿದರು! ಇದು ಬುದ್ಧಿಯೇ?

ಉತ್ತರ: ಅಲ್ಲ. ಲೆಕ್ಕ ಹೀಗೆ. ಕ್ವಾರ್ಟರ್‌ಬ್ಯಾಕ್ ಮಂಡಿಯೂರಲು 2 ಸೆಕೆಂಡ್, ಆಮೇಲೆ ಆಟದ ಗಡಿಯಾರದ 40 ಸೆಕೆಂಡ್ ಓಡಿಸಬಹುದು. 2:00ಕ್ಕೆ ಮೊದಲ ಡೌನ್ ಇದ್ದರೆ ಮೊದಲ ಮಂಡಿ, 1:18ಕ್ಕೆ ಎರಡನೆಯದು, 0:36ಕ್ಕೆ ಮೂರನೆಯದು. ಪಂದ್ಯ ಮುಗಿಯಿತು, ಚೆಂಡನ್ನು ಯಾರಿಗೂ ಕೊಡಬೇಕಾಗಿಲ್ಲ. ಎದುರಾಳಿಯ ಬಳಿ ಉಳಿದ ಪ್ರತಿ ಟೈಮ್‌ಔಟ್ ಅವರಿಗೆ ಸುಮಾರು 40 ಸೆಕೆಂಡ್ ವಾಪಸ್ ಕೊಡುತ್ತದೆ, ಅದನ್ನು ಕಳೆದು ನೋಡಿ. 2024ರಿಂದ 2 ನಿಮಿಷ ಉಳಿದಾಗ ತಾನಾಗಿಯೇ ಒಂದು ವಿರಾಮ ಬರುತ್ತದೆ. 2:20ರಲ್ಲಿ ಆಡುವವರು ಅದನ್ನು ಎದುರಾಳಿಯ ಇನ್ನೊಂದು ಟೈಮ್‌ಔಟ್ ಎಂದೇ ಎಣಿಸಬೇಕು. ಚೆಂಡು ಹಿಡಿದವನು ಗೆರೆಯಾಚೆ ಹೋಗುವುದೂ ಅಷ್ಟೇ ದುಬಾರಿ. ಬೇರೆ ಹೊತ್ತಿನಲ್ಲಿ ತೀರ್ಪುಗಾರ ಚೆಂಡು ಇಟ್ಟು ಸನ್ನೆ ಮಾಡಿದ ಕೂಡಲೇ ಗಡಿಯಾರ ಮತ್ತೆ ಓಡುತ್ತದೆ, ಅರ್ಧದ ಕೊನೆಯ 2 ನಿಮಿಷದಲ್ಲಿ ಮುಂದಿನ ಸ್ನ್ಯಾಪ್‌ವರೆಗೆ ನಿಂತಿರುತ್ತದೆ.

ಪಾಸ್ ಸರಿಯಾಗುವ ಸಂದರ್ಭವೂ ಇದೆ. 3ನೇ ಡೌನ್, ಬೇಕಾದ್ದು 7 ಗಜ, ಎದುರಾಳಿಯ ಬಳಿ ಇನ್ನೂ ಟೈಮ್‌ಔಟ್ ಇವೆ, ಓಡಿದರೆ ಪಂಟ್ ಖಚಿತ ಎಂದಿದ್ದರೆ ಎಸೆಯುವ ಧೈರ್ಯ ತಪ್ಪಲ್ಲ. ನೀವು ವಿವರಿಸಿದ್ದು ಆ ಸಂದರ್ಭವಲ್ಲ.

ಪ್ರಶ್ನೆ: ಒಂದು ಹೆಚ್ಚುವರಿ ಅಂಕ ತಪ್ಪಿತು, ಒಂದು ಪಂಟ್‌ಗೆ ಅಡ್ಡ ಬಿದ್ದರು. ಇಷ್ಟು ಸುಲಭದ ಕೆಲಸವೂ ಬಾರದೇ?

ಉತ್ತರ: ಸುಲಭ ಅನ್ನಿಸುವುದು ದೂರದಿಂದ. ಚೆಂಡು 3 ಗಜದ ಗೆರೆಯಲ್ಲಿ, ಗೋಲ್ ಗೆರೆಯಾಚೆಯ ಎಂಡ್ ಝೋನ್ 10 ಗಜ, ಚೆಂಡು ಹಿಡಿದು ನಿಲ್ಲಿಸುವವನು 7 ಗಜ ಹಿಂದೆ, ಒಟ್ಟು 20 ಗಜದ ಒದೆತ. (ಕಂಬಗಳ ನಡುವೆ ಒದ್ದು ಅಂಕ ಗಳಿಸುವ ಫೀಲ್ಡ್ ಗೋಲ್ ದೂರಕ್ಕೂ ಇದೇ ಸೂತ್ರ: ಚೆಂಡಿರುವ ಗೆರೆಗೆ 17 ಕೂಡಿಸಿ.) ಸ್ನ್ಯಾಪ್‌ನಿಂದ ಒದೆತದವರೆಗೆ ಸುಮಾರು 1.3 ಸೆಕೆಂಡ್‌ನಲ್ಲಿ ಮುಗಿಯಬೇಕು. ಒದೆದವನನ್ನು ಬೈಯುವ ಮೊದಲು ಚೆಂಡು ನಿಲ್ಲಿಸಿದವನ ಕೈ ನೋಡಿ. ಸ್ನ್ಯಾಪ್ ಅವನ ಮಂಡಿಯ ಕೆಳಗೆ ಬಂದಿದ್ದರೆ, ಅದನ್ನು ಎತ್ತಿ ನಿಲ್ಲಿಸಲು ಹೋದ ಕಾಲು ಸೆಕೆಂಡ್ ಒದೆಯುವವನ ಹೆಜ್ಜೆಯ ಲಯ ಕೆಡಿಸುತ್ತದೆ.

ಪಂಟ್‌ನಲ್ಲಿ ಒದೆಯುವವನು ಸುಮಾರು 15 ಗಜ ಹಿಂದಿರುತ್ತಾನೆ, ಕಾಲಿನಿಂದ ಚೆಂಡು ಹೊರಡಲು 2.1 ಸೆಕೆಂಡ್ ಆಸುಪಾಸು ಬೇಕು. ಕಾಲೇಜು ನಿಯಮದಲ್ಲಿ ಒದೆಯುವ ಮೊದಲೇ ಲೈನ್‌ಮನ್‌ಗಳು ಮುಂದೆ ಓಡಬಹುದು. ಅದಕ್ಕೇ ಹಲವು ತಂಡಗಳು ಹಿಂದೆ ಮೂವರ ಗೋಡೆ ನಿಲ್ಲಿಸಿ, ಉಳಿದವರನ್ನು ಬೇಗ ಓಡಬಿಡುತ್ತವೆ. ಆ ಮೂವರು ಅಕ್ಕಪಕ್ಕ ಭುಜ ತಾಗುವಂತೆ ನಿಲ್ಲದೆ ನಡುವೆ ಸಂದು ಬಿಟ್ಟರೆ ಪಂಟ್‌ಗೆ ಅಡ್ಡ ಬೀಳುತ್ತಾರೆ. ಇಂಥ ಕೆಲಸಗಳಲ್ಲಿ ಹೆಚ್ಚಾಗಿ ಆಡುವುದು ಮೀಸಲು ಆಟಗಾರರು, ಮೊದಲ ಪಂದ್ಯದಲ್ಲಿ ಅವರಲ್ಲಿ ಬಹಳ ಮಂದಿ ಹೊಸಬರು.

ಪ್ರಶ್ನೆ: ಸೋಲುವ ಭಯವಿದ್ದೂ ದೊಡ್ಡ ವಿಶ್ವವಿದ್ಯಾಲಯಗಳು ಚಿಕ್ಕ ತಂಡಗಳಿಗೆ ದುಡ್ಡು ಕೊಟ್ಟು ಕರೆಸುವುದೇಕೆ?

ಉತ್ತರ: ತವರಿನ ಪಂದ್ಯವೆಂದರೆ ಟಿಕೆಟ್, ಪಾರ್ಕಿಂಗ್, ತಿಂಡಿ ಎಲ್ಲ ನಿಮ್ಮ ಗಲ್ಲಾಪೆಟ್ಟಿಗೆಗೆ. ಸಮಬಲದ ತಂಡವನ್ನು ಕರೆದರೆ ಮುಂದೊಂದು ವರ್ಷ ನೀವೂ ಅವರ ಊರಿಗೆ ಹೋಗಬೇಕು, ಚಿಕ್ಕ ತಂಡಕ್ಕೆ ಹಣ ಕೊಟ್ಟರೆ ಲೆಕ್ಕ ಅಲ್ಲಿಗೇ ಚುಕ್ತಾ. ಋತುವಿನ ಕೊನೆಯ ಬೋಲ್ ಪಂದ್ಯದ ಅರ್ಹತೆಗೆ 6 ಗೆಲುವು ಬೇಕು, ಎಫ್‌ಸಿಎಸ್ ತಂಡದ ಮೇಲಿನ ಒಂದು ಗೆಲುವನ್ನು ಅದಕ್ಕೆ ಎಣಿಸಿಕೊಳ್ಳಬಹುದು. ಭಯ ನಿಜವಾಗುವುದೂ ಉಂಟು. 2007ರ ಸೆಪ್ಟೆಂಬರ್ 1ರಂದು 5ನೇ ಸ್ಥಾನದಲ್ಲಿದ್ದ ಮಿಶಿಗನ್, 4 ಲಕ್ಷ ಡಾಲರ್ ಕೊಟ್ಟು ಕರೆಸಿದ ಅಪಲಾಚಿಯನ್ ಸ್ಟೇಟ್‌ಗೆ 34–32ರಲ್ಲಿ ಸೋತಿತು. ಕೊನೆಯ ಫೀಲ್ಡ್ ಗೋಲ್ ಒದೆತಕ್ಕೆ ಎದುರಾಳಿ ಅಡ್ಡ ಬಿದ್ದಿದ್ದ. ಮೇಲೆ ಹೇಳಿದ ನಾರ್ದರ್ನ್ ಇಲಿನಾಯ್‌ಗೆ ನೋಟರ್ ಡೇಮ್ ಕೊಟ್ಟದ್ದು 14 ಲಕ್ಷ ಡಾಲರ್.

ಪ್ರಶ್ನೆ: ಈ ಗೆಲುವಿನಿಂದ ರ‍್ಯಾಂಕಿಂಗ್ ಇಳಿದರೆ ಪ್ಲೇಆಫ್ ಕನಸು ಹೋದಂತೆಯೇ?

ಉತ್ತರ: ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ. ಸೆಪ್ಟೆಂಬರ್‌ನ ಎಪಿ (ಅಸೋಸಿಯೇಟೆಡ್ ಪ್ರೆಸ್) ಪಟ್ಟಿ ಪತ್ರಕರ್ತರ ಮತ. ಪ್ಲೇಆಫ್ ತಂಡಗಳನ್ನು ಆರಿಸುವುದು ಬೇರೆ ಸಮಿತಿ, ಅದರ ಮೊದಲ ಪಟ್ಟಿ ಬರುವ ಹೊತ್ತಿಗೆ ನವೆಂಬರ್. 2024ರಿಂದ ಪ್ಲೇಆಫ್‌ನಲ್ಲಿ ಕನಿಷ್ಠ 12 ತಂಡಗಳಿಗೆ ಜಾಗವಿದೆ. ನವೆಂಬರ್ ಹೊತ್ತಿಗೆ ನಿಮ್ಮ ತಂಡ ಇನ್ನೂ ಏಳೆಂಟು ಪಂದ್ಯ ಆಡಿರುತ್ತದೆ.

ಪ್ರಶ್ನೆ: ನಮ್ಮವರನ್ನೇ ಛೀಮಾರಿ ಹಾಕುವುದು ಸರಿಯೇ? ಈಗ ಅವರಿಗೂ ದುಡ್ಡು ಬರುತ್ತದಲ್ಲ?

ಉತ್ತರ: 2021ರಿಂದ ತಮ್ಮ ಹೆಸರು, ಮುಖದಿಂದ ಸಂಪಾದಿಸಬಹುದು, 2025ರಿಂದ ವಿಶ್ವವಿದ್ಯಾಲಯವೇ ಆದಾಯದ ಪಾಲು ಕೊಡಬಹುದು, ನಿಜ. ಆದರೂ ಪಾಸ್ ಕೈಬಿಟ್ಟ ಹುಡುಗನಿಗೆ 19 ವರ್ಷ. 4ನೇ ಡೌನ್, ಬೇಕಾದ್ದು 1 ಗಜ, ಎದುರಾಳಿಯ 38 ಗಜದ ಗೆರೆಯಲ್ಲಿ ನಿಂತು ಪಂಟ್ ಮಾಡಿಸಿದರೆ ಧಾರಾಳವಾಗಿ ಕೂಗಿ. ಆ ತೀರ್ಮಾನ ಹುಡುಗನದಲ್ಲ.

ಪ್ರಶ್ನೆ: ಮುಂದಿನ ವಾರ ಮೊದಲ ಸಲ ಸ್ಟೇಡಿಯಂಗೆ ಹೋಗುತ್ತಿದ್ದೇನೆ. ತಂಡ ಸುಧಾರಿಸಿದೆಯೇ ಎಂದು ಹೇಗೆ ಗುರುತಿಸಲಿ? ಏನು ಒಯ್ಯಲಿ?

ಉತ್ತರ: ಮೊದಲ ಎರಡು ಡ್ರೈವ್‌ಗಳಲ್ಲಿ ಚೆಂಡನ್ನು ನೋಡಬೇಡಿ, ಸಾಲನ್ನು ನೋಡಿ. ಸ್ನ್ಯಾಪ್ ಆದ ಒಂದು ಸೆಕೆಂಡಿಗೆ ನಿಮ್ಮ ಐವರು ಗೆರೆಯ ಆಚೆಗಿದ್ದಾರೋ ಈಚೆಗೋ? 3ನೇ ಡೌನ್ ಬಂದಾಗಲೆಲ್ಲ ಎಷ್ಟು ಗಜ ಬೇಕಿತ್ತು ಎಂದು ಬರೆದುಕೊಳ್ಳಿ. ಸರಾಸರಿ 8 ಇದ್ದದ್ದು 5ಕ್ಕೆ ಇಳಿದಿದ್ದರೆ ಆಕ್ರಮಣ ಪಡೆ ಪಾಠ ಕಲಿತಿದೆ. ಆಟದ ಗಡಿಯಾರದಲ್ಲಿ 20 ಸೆಕೆಂಡ್ ಉಳಿದಿರುವಾಗಲೇ ತಂಡ ಸಾಲಿಗೆ ಬಂದು ನಿಂತಿತೇ ಎಂಬುದು ಇನ್ನೊಂದು.

ಒಯ್ಯುವುದಾದರೆ ಪಾರದರ್ಶಕ ಚೀಲ ಮಾತ್ರ. ಹೆಚ್ಚಿನ ಕಡೆ ಮಿತಿ 12 ಇಂಚು ಉದ್ದ, 12 ಎತ್ತರ, 6 ಅಗಲ. ಜೊತೆಗೆ ಅಂಗೈಯಗಲದ ಒಂದು ಪರ್ಸ್. ಬೆನ್ನಚೀಲ ಕಾರಿನಲ್ಲೇ ಬಿಡಿ. ಸೆಪ್ಟೆಂಬರ್ ಆರಂಭದ ಮಧ್ಯಾಹ್ನದ ಪಂದ್ಯವಾದರೆ ಟೋಪಿ ಮರೆಯಬೇಡಿ, ಆಟಗಾರರೇ ಸ್ನಾಯು ಸೆಳೆತದಿಂದ ಬೀಳುವ ಬಿಸಿಲು ಅದು. ಅರ್ಧ ವಿರಾಮ 20 ನಿಮಿಷ. ಆಗ ಹೊರಗೆ ಹೋದವರನ್ನು ಹಲವು ಸ್ಟೇಡಿಯಂಗಳಲ್ಲಿ ಮತ್ತೆ ಒಳಗೆ ಬಿಡುವುದಿಲ್ಲ, ಗೇಟಿನ ಫಲಕ ಓದಿಕೊಂಡೇ ಹೊರಡಿ.